ಇಂಡಿಯಾನಾ ಫೀವರ್: ಕ್ಲಾರ್ಕ್ ಇಲ್ದಿದ್ರೂ ಟಿಕೆಟ್ ತಗೊಳ್ಳಿ

ಇಂಡಿಯಾನಾಪೊಲಿಸ್ ಕಡೆ ಹೋಗೋವ್ರೆಲ್ಲ ಕೇಳೋದು ಒಂದೇ, ಸ್ಟಾರ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಆಡ್ತಾಳಾ ಇಲ್ವಾ, ಆಡಲ್ಲ ಅಂದ್ರೆ ಅಲ್ಲಿನ ಮಹಿಳಾ ಬಾಸ್ಕೆಟ್‌ಬಾಲ್ ಟೀಮ್ ಫೀವರ್ ಮ್ಯಾಚಿಗೆ ದುಡ್ಡು ಹಾಕೋದು ದಂಡ ಅಲ್ವಾ ಅಂತ. ಖಂಡಿತ ದಂಡ ಅಲ್ಲ, 2025ರ ಸೀಸನ್ ನೋಡಿದ ಯಾರನ್ನ ಬೇಕಾದ್ರೂ ಕೇಳಿ.

2012ರಲ್ಲಿ ಅಮೆರಿಕದ ಮಹಿಳಾ ಲೀಗ್ WNBA ಚಾಂಪಿಯನ್ ಆಗಿದ್ದ ಟೀಮ್ ಇದು, ಆಗಿನ ಸ್ಟಾರ್ ತಮೀಕಾ ಕ್ಯಾಚಿಂಗ್ಸ್ 2016ರಲ್ಲಿ ರಿಟೈರ್ ಆದ್ಮೇಲೆ ನೆಲ ಕಚ್ಚಿತು, 2022ರಲ್ಲಂತೂ 36 ಮ್ಯಾಚಲ್ಲಿ ಗೆದ್ದಿದ್ದು ಬರೀ 5. ಆಮೇಲೆ ಡ್ರಾಫ್ಟಲ್ಲಿ (ಟೀಮ್‌ಗಳು ಸರದಿ ಪ್ರಕಾರ ಹೊಸ ಆಟಗಾರ್ತಿಯರನ್ನ ಆರಿಸ್ಕೊಳ್ಳೋದು) ಎರಡು ವರ್ಷ ಸಾಲಾಗಿ ಫಸ್ಟ್ ಪಿಕ್ ಸಿಕ್ತು, 2023ಕ್ಕೆ ಅಲಿಯಾ ಬೋಸ್ಟನ್, 2024ಕ್ಕೆ ಕ್ಲಾರ್ಕ್. ಫೀವರ್ ಸ್ಟೇಡಿಯಂ ಗೇನ್‌ಬ್ರಿಡ್ಜ್ ಫೀಲ್ಡ್‌ಹೌಸಿಗೆ ಮ್ಯಾಚಿಗೆ 4 ಸಾವಿರ ಜನ ಬರ್ತಿದ್ದಿದ್ದು 17 ಸಾವಿರಕ್ಕೆ ಹೋಯ್ತು! 2024ರಲ್ಲಿ 20 ಗೆದ್ದು 20 ಸೋತು ಪ್ಲೇಆಫಿಗೆ (ಸೀಸನ್ ಕೊನೆಯ ನಾಕೌಟ್ ಹಂತಕ್ಕೆ) ಹೋಗಿ ಕನೆಕ್ಟಿಕಟ್ ಸನ್ ಕೈಲಿ ಔಟ್, ಆ ಸನ್ ಟೀಮಿನ ಕೋಚ್ ಸ್ಟೆಫನಿ ವೈಟ್ ಅವರನ್ನೇ ಫೀವರ್ ಕರ್ಕೊಂಡು ಬಂತು. ಒಳ್ಳೆ ನಿರ್ಧಾರ.

2025ಕ್ಕೆ ಹೊಸದಾಗಿ ತಂದ ಪ್ಲೇಯರ್‌ಗಳ ವಿಷ್ಯದಲ್ಲಿ ಪೂರ್ತಿ ಮಾರ್ಕ್ಸ್ ಕೊಡಕ್ಕಾಗಲ್ಲ. ನಟಾಶಾ ಹೋವರ್ಡ್, ಸೋಫಿ ಕನಿಂಗ್‌ಹ್ಯಾಮ್ ಇಬ್ರೂ ಚೆನ್ನಾಗಿ ಹೊಂದ್ಕೊಂಡ್ರು, ಆದ್ರೆ ಅಷ್ಟು ಅನುಭವ ಇರೋ ಡಿವಾನಾ ಬೋನರ್ 9 ಮ್ಯಾಚಿಗೇ ಹೊರಗೆ ಹೋದ್ಲು. ಟ್ರೇಡಲ್ಲಿ ಬಿಟ್ಟುಕೊಟ್ಟ ನಲಿಸಾ ಸ್ಮಿತ್ ಡಲ್ಲಾಸ್ ದಾಟಿ ಲಾಸ್ ವೇಗಸ್ ಏಸಸ್ ಸೇರಿ ಸೆಮಿಫೈನಲಲ್ಲಿ ಇವರ ಎದುರೇ ನಿಂತ್ಲು, ಅದು ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಇನ್ನು ಗಾಯಗಳ ಕಥೆ. ಕ್ಲಾರ್ಕ್ ಆಡಿದ್ದು 13 ಮ್ಯಾಚ್ ಅಷ್ಟೇ, ಜುಲೈ ಮಧ್ಯದಲ್ಲಿ ತೊಡೆಸಂದು ನೋವು ಅಂತ ಕೂತೋಳು ಮತ್ತೆ ಬರ್ಲೇ ಇಲ್ಲ. ಆಗಸ್ಟಲ್ಲಿ ಫೀನಿಕ್ಸಲ್ಲಿ ಒಂದೇ ರಾತ್ರಿ ಸಿಡ್ನಿ ಕೋಲ್ಸನ್ ಮೊಣಕಾಲು, ಆರಿ ಮೆಕ್‌ಡೊನಾಲ್ಡ್ ಪಾದ, ಇಬ್ರದ್ದೂ ಸೀಸನ್ ಮುಗೀತು, ಆಮೇಲೆ ಕನಿಂಗ್‌ಹ್ಯಾಮ್ ಮೊಣಕಾಲು. ಅರ್ಧ ಟೀಮು ಬೆಂಚಲ್ಲಿ ಟ್ರ್ಯಾಕ್‌ಸೂಟ್ ಹಾಕ್ಕೊಂಡು ಕೂತಿತ್ತು, ಓಡೆಸಿ ಸಿಮ್ಸ್ ಅಂಥೋರನ್ನ ಸೀಸನ್ ಮಧ್ಯದಲ್ಲಿ ಹೊರಗಿಂದ ಕರೆಸಿ ಆಡಿಸ್ಬೇಕಾಯ್ತು. ಇಷ್ಟಾದ್ರೂ 24 ಗೆದ್ದು 20 ಸೋತು, ಅಂದ್ರೆ ಹಿಂದಿನ ವರ್ಷಕ್ಕಿಂತ ಚೆನ್ನಾಗೇ ಆಡಿ ಪ್ಲೇಆಫಿಗೆ ಬಂದ್ರು.

ಅದಕ್ಕೆ ಮುಖ್ಯ ಕಾರಣ ಕೆಲ್ಸಿ ಮಿಚೆಲ್. 2018ರಿಂದ ಇದೇ ಟೀಮಲ್ಲಿ ಸೋಲು ತಿಂದ್ಕೊಂಡೇ ಬಂದೋಳು, ಬಿಟ್ಟು ಹೋಗ್ಲಿಲ್ಲ. ಎಡಗೈ ಗಾರ್ಡ್, ಅಂದ್ರೆ ರಿಂಗಿಂದ ದೂರ ನಿಂತು ಆಡೋಳು, ಅಂಥ ಎತ್ತರ ಏನಿಲ್ಲ, ಆದ್ರೆ ಸ್ಕ್ರೀನ್ (ಎದುರಾಳಿಗೆ ಅಡ್ಡ ನಿಲ್ಲೋ ಜೊತೆಗಾತಿ) ಸುತ್ತಿ ಬಂದು ಬಾಲ್ ಹಿಡಿದ್ಲು ಅಂದ್ರೆ ಎದುರಿನೋಳು ಕಾಲು ತಿರುಗಿಸೋದ್ರೊಳಗೆ ರಿಂಗ್ ಹತ್ರ ಇರ್ತಾಳೆ. 44ಕ್ಕೆ 44 ಮ್ಯಾಚೂ ಆಡಿ ಸರಾಸರಿ 20 ಪಾಯಿಂಟ್ ಹೊಡೆದ್ಲು. ಪ್ಲೇಆಫಿನ ಮೊದಲ ಸುತ್ತಿನ ಮೂರನೇ ಮ್ಯಾಚು ಅಟ್ಲಾಂಟಾದಲ್ಲಿ 87-85ಕ್ಕೆ ಗೆದ್ರು, ಕೊನೇ ಸೆಕೆಂಡುಗಳಲ್ಲಿ ಬೋಸ್ಟನ್ ಬಾಸ್ಕೆಟ್, ಅದರ ಹಿಂದೇನೇ ಲೆಕ್ಸಿ ಹಲ್ ಬಾಲ್ ಕಿತ್ಕೊಂಡಿದ್ದು, ಅಬ್ಬಾ! ಸೆಮಿಫೈನಲಲ್ಲಿ ಏಸಸ್ ಮೇಲೆ ಐದನೇ ಮ್ಯಾಚಲ್ಲಿ ಮಿಚೆಲ್ ಸ್ನಾಯುಗಳು ಹಿಡ್ಕೊಂಡು ಕಾಲು ಅಲ್ಲಾಡ್ಸೋಕೂ ಆಗ್ದೆ ಕೋರ್ಟಲ್ಲೇ ಬಿದ್ದು ಆಸ್ಪತ್ರೆಗೆ ಹೋದ್ಲು, ಉಳಿದೋರು ಅವಳಿಲ್ದೇನೂ ಓವರ್‌ಟೈಮ್ ತನಕ ಎಳೆದ್ರು, 107-98ಕ್ಕೆ ಸೋತ್ರು. ಆ ಏಸಸ್ ಫೈನಲಲ್ಲಿ ಫೀನಿಕ್ಸನ್ನ 4-0 ಹೊಡೆದು ಕಪ್ ಎತ್ತಿತು, ಫೀವರಷ್ಟು ಕಷ್ಟ ಫೀನಿಕ್ಸ್‌ನೋರು ಕೊಡ್ಲಿಲ್ಲ.

ಟಿಕೆಟ್ ತಗೊಳ್ಳೋವಾಗ ಕೋರ್ಟ್ ಪಕ್ಕದ ಸೀಟಿಗೆ ದುಡ್ಡು ಸುರಿಬೇಡಿ, ಸ್ವಲ್ಪ ಮೇಲೆ ಕೂತ್ರೇನೇ ಬೋಸ್ಟನ್ ಎಲ್ಲಿ ಸ್ಕ್ರೀನ್ ಹಾಕ್ತಾಳೆ, ಮಿಚೆಲ್ ಯಾವ ಕಡೆಯಿಂದ ಬರ್ತಾಳೆ ಅನ್ನೋದು ಚೆನ್ನಾಗಿ ಕಾಣುತ್ತೆ.