ಸೀಬರ್ಡ್ ನಿರಾಶ್ರಿತರೋ, ಅಡಿಕೆ ಸಹಕಾರಿಯೋ: ಪಿಎಚ್‌.ಡಿ.ಗೆ ಯಾವುದು?

ಭಾರತದ ಅಭಿವೃದ್ಧಿ ರಾಜಕಾರಣವನ್ನು ಉತ್ತರ ಕನ್ನಡದಲ್ಲೇ ನಿಂತು ಅಧ್ಯಯನ ಮಾಡಬಯಸುವವರು ಕಾರವಾರ–ಅಂಕೋಲಾದ ಸೀಬರ್ಡ್ ನೌಕಾನೆಲೆ ಯೋಜನೆಯ ನಿರಾಶ್ರಿತರನ್ನೋ ಶಿರಸಿಯ ಅಡಿಕೆ ಸಹಕಾರ ಸಂಘಗಳನ್ನೋ ವಿಷಯವಾಗಿ ಆರಿಸಿಕೊಳ್ಳಬಹುದು.

ದಾಖಲೆಗಳ ಮಟ್ಟಿಗೆ ಶಿರಸಿಯೇ ಸುಲಭ. 1923ರಲ್ಲಿ ಆರಂಭವಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯಂತಹ ಸಂಸ್ಥೆಗಳಲ್ಲಿ ವಾರ್ಷಿಕ ವರದಿ, ಲೆಕ್ಕಪರಿಶೋಧನೆ, ಸರ್ವಸಾಧಾರಣ ಸಭೆಯ ಠರಾವುಗಳಿರುತ್ತವೆ. ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಧಾರಣೆ ಪತ್ರಿಕೆಗಳಲ್ಲೇ ಸಿಗುತ್ತದೆ. ಆದರೆ ಇವೆಲ್ಲ ತೋಟದ ಒಡೆಯರ ಕಡತಗಳು. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರನ್ನೂ ಅಡಿಕೆ ಸುಲಿಯುವ ಹೆಂಗಸರನ್ನೂ ಬೇರೆಯಾಗಿಯೇ ಹುಡುಕಿಕೊಂಡು ಹೋಗಬೇಕು.

ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. 1894ರ ಭೂಸ್ವಾಧೀನ ಕಾಯ್ದೆಯಡಿ ಹೊರಡುತ್ತಿದ್ದ ಐತೀರ್ಪಿನಲ್ಲಿ (ಪರಿಹಾರ ನಿಗದಿ ಮಾಡುವ ಆದೇಶದಲ್ಲಿ) ಸರ್ವೆ ನಂಬರು, ವಿಸ್ತೀರ್ಣ, ಮರಗಳ ಬೆಲೆ ನಮೂದಾಗುತ್ತಿದ್ದವು. ರಂಪಣಿ ಬಲೆ ಎಳೆಯುವ, ಮೀನು ಒಣಗಿಸುವ ದಡಕ್ಕೆ ಯಾರ ಹೆಸರಿನ ಪಹಣಿಯೂ ಇಲ್ಲದ್ದರಿಂದ ಐತೀರ್ಪಿನಲ್ಲಿ ಅದಕ್ಕೆ ಅಂಕಣವೇ ಇರುತ್ತಿರಲಿಲ್ಲ. ಪ್ರಭುತ್ವ ಯಾವುದನ್ನು ಆಸ್ತಿಯೆಂದು ಎಣಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ಸಿಗುವಷ್ಟು ನೇರವಾಗಿ ಶಿರಸಿಯಲ್ಲಿ ಸಿಗದು. ಆದ್ದರಿಂದ ವಿಷಯದ ತೂಕದಲ್ಲಿ ನನ್ನ ಮತ ಕರಾವಳಿಗೆ. ಶ್ರಮವೂ ಹೆಚ್ಚು: ಕೊಂಕಣಿ ಬೇಕು, ಹಾಲಕ್ಕಿ ಒಕ್ಕಲಿಗ ಸಮುದಾಯದವರ ಕನ್ನಡಕ್ಕೆ ಕಿವಿ ಪಳಗಬೇಕು, ಸ್ಥಳಾಂತರವನ್ನು ಕಂಡ ಹಿರಿಯರಿಗೆ ವಯಸ್ಸಾಗುತ್ತಿದೆ. (ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವ ಜೂನ್–ಜುಲೈ ಸಂದರ್ಶನಕ್ಕೆ ಅನುಕೂಲ.)

ಕೆಲಸದಲ್ಲಿದ್ದುಕೊಂಡು ರಜೆಯಲ್ಲಷ್ಟೇ ಕ್ಷೇತ್ರಕಾರ್ಯ ಮಾಡುವವರು ಶಿರಸಿಯನ್ನೇ ಆರಿಸಿಕೊಳ್ಳಲಿ. ಪೂರ್ಣಾವಧಿ ಶಿಷ್ಯವೇತನವಿರುವವರು ಘಟ್ಟ ಇಳಿಯಬಹುದು.