ಸಿಮ್‌ಗ್ರಿಡ್ ಒಳಗೆ ಎನ್‌ಎಸ್-3: ಕೆಲವು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ಸಿಮ್‌ಗ್ರಿಡ್ ಅಂದರೆ ಹಲವು ಕಂಪ್ಯೂಟರ್‌ಗಳು ಸೇರಿ ಮಾಡುವ ಕೆಲಸವನ್ನು ಅನುಕರಿಸಿ ನೋಡುವ ಸಾಫ್ಟ್‌ವೇರ್ (ಸಿಮ್ಯುಲೇಟರ್). ಅದನ್ನು ಬಳಸುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ನೆಟ್‌ವರ್ಕಿನ ಲೆಕ್ಕವನ್ನು ಸಿಮ್‌ಗ್ರಿಡ್ ತಾನೇ ಮಾಡಲಿ ಅಂತ ಬಿಡಬೇಕಾ, ಇಲ್ಲ ನೆಟ್‌ವರ್ಕಿಗೆಂದೇ ಇರುವ ಇನ್ನೊಂದು ಸಿಮ್ಯುಲೇಟರ್ ಎನ್‌ಎಸ್-3ಕ್ಕೆ ಒಪ್ಪಿಸಬೇಕಾ? ನಾನು ಕೆಲವು ವರ್ಷಗಳಿಂದ ಎರಡನ್ನೂ ಬಳಸುತ್ತಿದ್ದೇನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದಿನನಿತ್ಯದ ಕೆಲಸಕ್ಕೆ ಸಿಮ್‌ಗ್ರಿಡ್‌ನದೇ ಲೆಕ್ಕ ಸಾಕು. ಆದರೆ ಆ ಲೆಕ್ಕವನ್ನು ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಅಂತ ತಿಳಿಯಲು ಎನ್‌ಎಸ್-3 ಜೊತೆಗಿರಲೇಬೇಕು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಸಿಮ್‌ಗ್ರಿಡ್ ಅನ್ನು 1990ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿ ಹೆನ್ರಿ ಕಸನೋವಾ ಶುರು ಮಾಡಿದರು. ಆಮೇಲೆ ಅದು ಬೆಳೆದದ್ದು ಹೆಚ್ಚಾಗಿ ಫ್ರಾನ್ಸಿನ ಸಂಶೋಧಕರ ಕೈಯಲ್ಲಿ. ಕ್ಲಸ್ಟರ್, ಗ್ರಿಡ್, ಕ್ಲೌಡ್, ಎಂಪಿಐ ಪ್ರೋಗ್ರಾಂ (ಹಲವು ಯಂತ್ರಗಳಲ್ಲಿ ಒಟ್ಟಿಗೆ ಓಡುತ್ತಾ ಸಂದೇಶ ಕಳಿಸಿಕೊಳ್ಳುವ ಪ್ರೋಗ್ರಾಂ) ಇವೆಲ್ಲ ಹೇಗೆ ಓಡುತ್ತವೆ ಅಂತ ಒಂದು ಲ್ಯಾಪ್‌ಟಾಪಿನಲ್ಲೇ ನೋಡಬಹುದು. ಎನ್‌ಎಸ್-3ರ ಮೊದಲ ಆವೃತ್ತಿ ಬಂದದ್ದು 2008ರಲ್ಲಿ. ಅದು ಒಂದೊಂದು ಪ್ಯಾಕೆಟ್ಟನ್ನೂ, ಅಂದರೆ ಡೇಟಾದ ಒಂದೊಂದು ಸಣ್ಣ ತುಂಡನ್ನೂ, ಹಿಂಬಾಲಿಸುತ್ತದೆ. ನಮ್ಮ ವಿಟಿಯು ಕಾಲೇಜುಗಳಲ್ಲಿ ಓದಿದವರಿಗೆ ಎನ್‌ಎಸ್-2 ಅಥವಾ ಎನ್‌ಎಸ್-3ರ ಪರಿಚಯ ಇದ್ದೇ ಇರುತ್ತದೆ. ಮೂರು ನೋಡ್ ಇಟ್ಟು, ಕ್ಯೂ ಗಾತ್ರ ಕೊಟ್ಟು, ಬ್ಯಾಂಡ್‌ವಿಡ್ತ್ ಬದಲಾಯಿಸಿ, ಎಷ್ಟು ಪ್ಯಾಕೆಟ್ ಬಿದ್ದುಹೋದವು ಅಂತ ಎಣಿಸುವ ಲ್ಯಾಬ್ ಪ್ರಯೋಗ ನೆನಪಿದೆ ಅಲ್ವಾ? ಅದೇ.

ಸಿಮ್‌ಗ್ರಿಡ್‌ನ ಸ್ವಂತ ದಾರಿ ಬೇರೆ. ಅದರದು ಫ್ಲೂಯಿಡ್ ಮಾಡೆಲ್. ನಲ್ಲಿ ನೀರನ್ನು ಮನೆಗಳು ಹಂಚಿಕೊಂಡ ಹಾಗೆ ಲಿಂಕಿನ ಬ್ಯಾಂಡ್‌ವಿಡ್ತನ್ನು ಅದರ ಮೇಲೆ ಹೋಗುವ ಡೇಟಾ ಹರಿವುಗಳಿಗೆ ಹಂಚುತ್ತದೆ. ಹೊಸ ಹರಿವು ಶುರುವಾದಾಗ ಅಥವಾ ಇದ್ದದ್ದು ಮುಗಿದಾಗ ಮಾತ್ರ ಮತ್ತೆ ಲೆಕ್ಕ ಹಾಕುತ್ತದೆ. ಹಾಗಾಗಿ 1 ಜಿಬಿ ಕಳಿಸಿದರೂ ಒಂದೇ, 1 ಎಂಬಿ ಕಳಿಸಿದರೂ ಒಂದೇ, ಕೆಲಸ ಅಷ್ಟೇ. ಎನ್‌ಎಸ್-3ರಲ್ಲಿ ಹಾಗಲ್ಲ. 1 ಜಿಬಿ ಅಂದರೆ ಲಕ್ಷಗಟ್ಟಲೆ ಪ್ಯಾಕೆಟ್. ಪ್ರತಿ ಹಾಪ್‌ನಲ್ಲೂ (ದಾರಿಯ ಒಂದೊಂದು ಲಿಂಕಿನಲ್ಲೂ) ಪ್ರತಿ ಪ್ಯಾಕೆಟ್ಟಿಗೆ ಕೆಲವು ಈವೆಂಟ್. ಮೇಲೆ ವಾಪಸ್ ಬರುವ ಎಸಿಕೆಗಳು, ಅಂದರೆ ತಲುಪಿತು ಅನ್ನುವ ಉತ್ತರಗಳು. ನೂರಾರು ನೋಡ್‌ಗಳ ಎಂಪಿಐ ಓಟವನ್ನು ಇದರಲ್ಲಿ ಹಾಕಿದರೆ ಫಲಿತಾಂಶಕ್ಕೆ ಗಂಟೆಗಟ್ಟಲೆ ಕಾಯಬೇಕು.

ಇಷ್ಟಾದರೂ ಸಿಮ್‌ಗ್ರಿಡ್ ಒಳಗೆ ಎನ್‌ಎಸ್-3 ಓಡಿಸುವ ಈ ಜೋಡಣೆ ನನಗೆ ತುಂಬಾ ಇಷ್ಟ. ಕಾರಣ ಒಂದೇ. ನನ್ನ ಪ್ರೋಗ್ರಾಮಿನಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ಓಡಿಸುವಾಗ ನೆಟ್‌ವರ್ಕ್ ಮಾಡೆಲ್ ಎನ್‌ಎಸ್-3 ಅಂತ ಒಂದು ಆಯ್ಕೆ ಕೊಟ್ಟರೆ ಸಾಕು. ಸಿಮ್‌ಗ್ರಿಡ್ ತನ್ನ ಪ್ಲಾಟ್‌ಫಾರ್ಮ್ ಫೈಲಿನಿಂದಲೇ (ಯಂತ್ರಗಳು, ಲಿಂಕ್‌ಗಳು ಯಾವುವು ಅಂತ ಬರೆದಿಟ್ಟ ಫೈಲ್) ಎನ್‌ಎಸ್-3ರ ನೋಡ್, ಲಿಂಕ್ ಎಲ್ಲ ಕಟ್ಟಿಕೊಳ್ಳುತ್ತದೆ. ಅದೇ ಅಪ್ಲಿಕೇಶನ್, ಅದೇ ಪ್ಲಾಟ್‌ಫಾರ್ಮ್, ಎರಡು ಬೇರೆ ಬೇರೆ ಲೆಕ್ಕ. ಎನ್‌ಎಸ್-3ರಲ್ಲೇ ಎಲ್ಲ ಬರೆಯಲು ಹೋದರೆ ಪ್ರಾಸೆಸರ್ ಕೆಲಸ, ಶೆಡ್ಯೂಲಿಂಗ್, ಎಂಪಿಐ ಇವನ್ನೆಲ್ಲ ನಾವೇ ಕಟ್ಟಬೇಕು. ಈ ಜೋಡಣೆಯಲ್ಲಿ ಆ ಶ್ರಮ ಪೂರ್ತಿ ತಪ್ಪುತ್ತದೆ.

ಇನ್‌ಸ್ಟಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎನ್‌ಎಸ್-3 ಬೆಂಬಲ ತಾನಾಗಿ ಬರುವುದಿಲ್ಲ. ಸಿಮ್‌ಗ್ರಿಡ್ ಅನ್ನು ಸೋರ್ಸ್‌ನಿಂದ ಕಂಪೈಲ್ ಮಾಡುವಾಗ ಸೀಮೇಕ್ ಅನ್ನುವ ಬಿಲ್ಡ್ ಸಾಧನದಲ್ಲಿ ಅದನ್ನು ಆನ್ ಮಾಡಬೇಕು, ಎನ್‌ಎಸ್-3 ಎಲ್ಲಿದೆ ಅಂತಲೂ ತಿಳಿಸಬೇಕು. ಎರಡರ ಆವೃತ್ತಿಗಳೂ ಒಂದಕ್ಕೊಂದು ಹೊಂದಬೇಕು. 2022ರಲ್ಲಿ ಎನ್‌ಎಸ್-3 ತನ್ನ 3.36ನೇ ಆವೃತ್ತಿಗೆ ವಾಫ್ ಅನ್ನುವ ಹಳೆಯ ಬಿಲ್ಡ್ ಸಾಧನ ಬಿಟ್ಟು ಸೀಮೇಕ್‌ಗೆ ಬಂತು. ಅದಕ್ಕೂ ಹಿಂದಿನ ಟಿಪ್ಪಣಿ ನೋಡಿ ಕಂಪೈಲ್ ಮಾಡಬೇಡಿ. ಒಮ್ಮೆ ಓಡಿದ ಜೋಡಿಯ ಆವೃತ್ತಿಗಳನ್ನು ಬರೆದಿಟ್ಟುಕೊಂಡು, ಆ ಕೆಲಸ ಮುಗಿಯುವವರೆಗೆ ಅದನ್ನೇ ಹಿಡಿದುಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎರಡು ಲೆಕ್ಕಗಳ ಉತ್ತರ ಬೇರೆ ಬಂದಾಗ "ಪ್ಯಾಕೆಟ್ ನೋಡಿದ್ದೇ ಸರಿ" ಅಂತ ತೀರ್ಪು ಕೊಡುವವರನ್ನು ತುಂಬಾ ನೋಡಿದ್ದೇನೆ. ಇದು ಅಪಾಯಕಾರಿ. ಒಂದು ಸರಳ ಉದಾಹರಣೆ ತೆಗೆದುಕೊಳ್ಳಿ. 1 ಜಿಬಿಪಿಎಸ್ ಲಿಂಕ್, ಒಂದು ಕಡೆಗೆ 5 ಮಿಲಿಸೆಕೆಂಡ್ ಲೇಟೆನ್ಸಿ (ತಲುಪಲು ಹಿಡಿಯುವ ಸಮಯ). ಹೋಗಿ ಬರಲು 10 ಮಿಲಿಸೆಕೆಂಡ್. ಟಿಸಿಪಿ ಅಂದರೆ ಡೇಟಾ ತಪ್ಪದೆ ತಲುಪುವಂತೆ ನೋಡಿಕೊಳ್ಳುವ ನೆಟ್‌ವರ್ಕ್ ನಿಯಮ. ಎನ್‌ಎಸ್-3ರಲ್ಲಿ ಟಿಸಿಪಿ ಸಾಕೆಟ್ಟಿನ ಬಫರ್ (ಎಸಿಕೆ ಬರುವವರೆಗೆ ಡೇಟಾ ಇಟ್ಟುಕೊಳ್ಳುವ ಜಾಗ) ಡಿಫಾಲ್ಟ್ ಆಗಿ 131072 ಬೈಟ್. 10 ಮಿಲಿಸೆಕೆಂಡಿಗೆ ಅಷ್ಟೇ ಹೋಗಬಲ್ಲದು ಅಂದರೆ ಸೆಕೆಂಡಿಗೆ ಸುಮಾರು 13 ಎಂಬಿ, ಅಂದರೆ 105 ಎಂಬಿಪಿಎಸ್. ಲಿಂಕಿನ ಹತ್ತರಲ್ಲಿ ಒಂದು ಪಾಲು! ಸಿಮ್‌ಗ್ರಿಡ್‌ನ ಮಾಡೆಲ್ಲಿನಲ್ಲಿ ಟಿಸಿಪಿ ವಿಂಡೋ ಮಿತಿ (ಎಸಿಕೆಗೆ ಕಾಯದೆ ಕಳಿಸಬಹುದಾದ ಡೇಟಾ) 4194304 ಬೈಟ್, ಮೂವತ್ತೆರಡು ಪಟ್ಟು ದೊಡ್ಡದು. ಅದು ಲಿಂಕನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿಸುತ್ತದೆ. ಇಲ್ಲಿ ಯಾವ ಮಾಡೆಲ್ಲೂ ಸುಳ್ಳು ಹೇಳುತ್ತಿಲ್ಲ. ಒಳಗೆ ಇಟ್ಟ ಸಂಖ್ಯೆ ಬೇರೆ, ಅಷ್ಟೇ. ಇಂದಿನ ಲಿನಕ್ಸ್ ಯಂತ್ರಗಳು ಬಫರ್ ಗಾತ್ರವನ್ನು ತಾವೇ ಹಿಗ್ಗಿಸಿಕೊಳ್ಳುತ್ತವೆ. ಹಾಗಾಗಿ ಈ ಒಂದು ಸಂಗತಿಯಲ್ಲಿ ಪ್ಯಾಕೆಟ್ ಲೆಕ್ಕವೇ ನಿಜದಿಂದ ದೂರ ಇರುತ್ತದೆ.

ಇದನ್ನು ಸರಿಮಾಡಲು ಕೋಡ್ ಮುಟ್ಟಬೇಕಾಗಿಲ್ಲ. ಎನ್‌ಎಸ್-3 ತನ್ನ ಡಿಫಾಲ್ಟ್ ಮೌಲ್ಯಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕವೂ ತೆಗೆದುಕೊಳ್ಳುತ್ತದೆ. ಕಳಿಸುವ ಬಫರ್, ಪಡೆಯುವ ಬಫರ್ ಎರಡನ್ನೂ ಅಲ್ಲೇ ಹೆಚ್ಚಿಸಿ. ಒಂದನ್ನು ಮಾತ್ರ ಹೆಚ್ಚಿಸಿದರೆ ಪ್ರಯೋಜನ ಇಲ್ಲ. ಟಿಸಿಪಿಯ ಬಗೆಯನ್ನು ಆರಿಸಲು ಸಿಮ್‌ಗ್ರಿಡ್‌ನಲ್ಲೇ ಒಂದು ಆಯ್ಕೆ ಇದೆ.

ಚಿಕ್ಕ ಸಂದೇಶಗಳಲ್ಲಿ ಕಥೆ ಉಲ್ಟಾ. ಸಿಮ್‌ಗ್ರಿಡ್‌ನ ಡಿಫಾಲ್ಟ್ ಮಾಡೆಲ್ ಟಿಸಿಪಿಯ ನಿಧಾನ ಆರಂಭವನ್ನು (ಮೊದಲು ಸ್ವಲ್ಪ ಕಳಿಸಿ, ಆಮೇಲೆ ವೇಗ ಹೆಚ್ಚಿಸುವುದು) ತೋರಿಸಲು ಲೇಟೆನ್ಸಿಯನ್ನು 13.01ರಿಂದ ಗುಣಿಸುತ್ತದೆ, ಬ್ಯಾಂಡ್‌ವಿಡ್ತನ್ನು 0.97ರಿಂದ. ಮೇಲಿನದೇ ಲಿಂಕಿನಲ್ಲಿ 100 ಎಂಬಿ ಕಳಿಸಿದರೆ ಹೀಗೆ ಬರುವ 65 ಮಿಲಿಸೆಕೆಂಡ್ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಆದರೆ 1 ಕೆಬಿ ಕಳಿಸಿದರೂ ಅದೇ 65 ಮಿಲಿಸೆಕೆಂಡ್. ನಿಜವಾದ ಟಿಸಿಪಿಯಲ್ಲಿ ಸಂಪರ್ಕ ಕಟ್ಟಿ 1 ಕೆಬಿ ತಲುಪಿಸಲು ಸುಮಾರು 15 ಮಿಲಿಸೆಕೆಂಡ್ ಸಾಕು. ನಿಮ್ಮ ಅಪ್ಲಿಕೇಶನ್ ಸಣ್ಣ ಸಣ್ಣ ಸಂದೇಶಗಳ ಮೇಲೇ ನಿಂತಿದ್ದರೆ ಡಿಫಾಲ್ಟ್ ಮಾಡೆಲ್ಲಿನ ಅಂಕಿಯನ್ನು ಹಾಗೇ ಪೇಪರಿನಲ್ಲಿ ಹಾಕಬೇಡಿ. ಎನ್‌ಎಸ್-3 ತನ್ನ ಬೆಲೆ ತೋರಿಸುವುದು ಇಲ್ಲೇ.

ಆದರೆ ಇಲ್ಲೂ ಒಂದು ಕೊಕ್ಕೆ ಇದೆ. ಸಿಮ್‌ಗ್ರಿಡ್‌ನ ಪ್ರತಿಯೊಂದು ಸಂದೇಶವೂ ಎನ್‌ಎಸ್-3ರೊಳಗೆ ಒಂದು ಹೊಸ ಟಿಸಿಪಿ ಸಂಪರ್ಕ ಆಗುತ್ತದೆ. ಪ್ರತಿ ಸಲವೂ ಹ್ಯಾಂಡ್‌ಶೇಕ್ (ಸಂಪರ್ಕ ಕಟ್ಟುವ ಮಾತುಕತೆ), ಪ್ರತಿ ಸಲವೂ ನಿಧಾನ ಆರಂಭ. ನಿಜವಾದ ಎಂಪಿಐ ಟಿಸಿಪಿ ಮೇಲೆ ಓಡುವಾಗ ಒಮ್ಮೆ ತೆರೆದ ಸಂಪರ್ಕವನ್ನೇ ಮತ್ತೆ ಮತ್ತೆ ಬಳಸುತ್ತದೆ. ಹಾಗಾಗಿ ಎರಡು ನೋಡ್‌ಗಳ ನಡುವೆ ಸಾವಿರಾರು ಸಂದೇಶ ಓಡಾಡುವ ಎಂಪಿಐ ಪ್ರೋಗ್ರಾಮಿಗೆ ಇಲ್ಲಿ ಸಿಗುವ ಸಮಯ ನಿಜಕ್ಕಿಂತ ಜಾಸ್ತಿ. ವೆಬ್ ಕೋರಿಕೆಯಂತೆ ಪ್ರತಿ ಸಲ ಹೊಸ ಸಂಪರ್ಕ ತೆರೆಯುವ ಅಪ್ಲಿಕೇಶನ್ ಆದರೆ ಚೆನ್ನಾಗಿ ಹೊಂದುತ್ತದೆ. ಎಂಪಿಐಗೆ ನಾನು ಸಿಮ್‌ಗ್ರಿಡ್‌ನ ಎಸ್‌ಎಂಪಿಐ ಮಾಡೆಲ್ಲನ್ನೇ ಆರಿಸುತ್ತೇನೆ. ಸಂದೇಶದ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಗುಣಕ ಅದರಲ್ಲಿದೆ. ಅವನ್ನು ನಿಜವಾದ ಯಂತ್ರದಲ್ಲಿ ಅಳೆದು ತುಂಬಿಸಬಹುದು.

ಪ್ಲಾಟ್‌ಫಾರ್ಮ್ ಫೈಲ್ ಬರೆಯುವಾಗ ಮೈಯೆಲ್ಲಾ ಕಣ್ಣಾಗಿರಬೇಕು. ಎನ್‌ಎಸ್-3ಕ್ಕೆ ಕಾಣುವುದು ಒಂದೇ ಲಿಂಕಿನ ರೂಟ್‌ಗಳು (ಡೇಟಾ ಹೋಗುವ ದಾರಿಗಳು) ಮಾತ್ರ. ಎರಡು ಮೂರು ಲಿಂಕ್ ಇರುವ ರೂಟ್ ಬರೆದಿದ್ದರೆ ಅದನ್ನು ಬಿಟ್ಟೆ ಅಂತ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಒಂದೊಂದೇ ಹಾಪ್ ಬರೆದು, ನಡುವೆ ರೂಟರ್ ಇಟ್ಟುಕೊಂಡು ಹೋಗಬೇಕು. ದಾರಿ ಹುಡುಕುವುದೂ ಎನ್‌ಎಸ್-3ರ ಕೆಲಸ. ಅದು ಅತಿ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ. ನೀವು ಬೇಕಂತಲೇ ಸುತ್ತುದಾರಿ ಕೊಟ್ಟಿದ್ದರೆ ಎರಡು ಓಟಗಳಲ್ಲಿ ಡೇಟಾ ಬೇರೆ ಬೇರೆ ಲಿಂಕಿನ ಮೇಲೆ ಹೋಗುತ್ತಿರುತ್ತದೆ. ಆಗ ಹೋಲಿಕೆಗೆ ಅರ್ಥವೇ ಇಲ್ಲ. ಇನ್ನೊಂದು ಮಾತು: ಸಿಮ್‌ಗ್ರಿಡ್‌ನ ಸಾಮಾನ್ಯ ಲಿಂಕಿನಲ್ಲಿ ಹೋಗುವ ಮತ್ತು ಬರುವ ಡೇಟಾ ಒಂದೇ ಬ್ಯಾಂಡ್‌ವಿಡ್ತನ್ನು ಹಂಚಿಕೊಳ್ಳುತ್ತವೆ. ಎನ್‌ಎಸ್-3ರ ಪಾಯಿಂಟ್-ಟು-ಪಾಯಿಂಟ್ ಲಿಂಕ್ ಎರಡೂ ಕಡೆಗೆ ಪೂರ್ತಿ ವೇಗ ಕೊಡುತ್ತದೆ. ಎರಡೂ ಕಡೆ ದಟ್ಟಣೆ ಇದ್ದರೆ ಈ ವ್ಯತ್ಯಾಸವನ್ನು ಟಿಸಿಪಿಯ ತಲೆಗೆ ಕಟ್ಟಬೇಡಿ.

ಕಾಲಕ್ಕೆ ತಕ್ಕಂತೆ ಬ್ಯಾಂಡ್‌ವಿಡ್ತ್ ಬದಲಾಗುವ ಲಿಂಕ್ ಬೇಕಿದ್ದರೆ ಈ ಜೋಡಣೆ ಬಿಟ್ಟುಬಿಡಿ, ಅದಕ್ಕೆ ಬೆಂಬಲ ಇಲ್ಲ. ವೈ-ಫೈ ಇದೆ. ವೈ-ಫೈ ವಲಯ ಮಾಡಿ, ಆಕ್ಸೆಸ್ ಪಾಯಿಂಟ್ ಯಾವುದು ಅಂತ ಹೇಳಿದರೆ ಸಾಕು. ರೇಡಿಯೋ ಮಾಧ್ಯಮದಲ್ಲಿ ಹಲವರು ಒಟ್ಟಿಗೆ ಮಾತಾಡಲು ಹೊರಟಾಗ ಏನಾಗುತ್ತದೆ ಅನ್ನುವುದು ಪ್ಯಾಕೆಟ್ ಮಟ್ಟದಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನೊಂದನ್ನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. ತಂತಿಯ ಲಿಂಕ್‌ಗಳಲ್ಲಿ ಎನ್‌ಎಸ್-3 ಪ್ರತಿ ಸಲ ಒಂದೇ ಉತ್ತರ ಕೊಡುತ್ತದೆ. ಅದಕ್ಕೆ ಅದು ನಿಖರ ಅಂತ ಅರ್ಥ ಅಲ್ಲ. ಎರಡು ಹರಿವುಗಳನ್ನು ಅದೇ ಕ್ಷಣಕ್ಕೆ ಶುರು ಮಾಡಿದರೆ ಕ್ಯೂ ತುಂಬಿದಾಗ ಪ್ರತಿ ಸಲವೂ ಒಂದರದೇ ಪ್ಯಾಕೆಟ್ ಬೀಳುವ ಸಾಧ್ಯತೆ ಇದೆ. ಆಗ ಒಂದು ಹರಿವು ಗೆದ್ದ ಹಾಗೆ ಕಾಣುತ್ತದೆ. ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಅಂಕಿ) ಬದಲಿಸಿದರೂ ಇದು ಹೋಗುವುದಿಲ್ಲ, ಯಾಕಂದರೆ ಅಲ್ಲಿ ಯಾದೃಚ್ಛಿಕ ಅನ್ನುವುದೇ ಇಲ್ಲ. ಶುರುವಾಗುವ ಸಮಯವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ಹಲವು ಸಲ ಓಡಿಸಿ, ಆ ಉತ್ತರಗಳು ಎಷ್ಟು ಹರಡುತ್ತವೆ ಅಂತ ನೋಡಿ.

ನನ್ನ ಕ್ರಮ ಈಗ ಹೀಗಿದೆ. ಮೊದಲು ಪೂರ್ತಿ ಅಧ್ಯಯನವನ್ನು ಫ್ಲೂಯಿಡ್ ಮಾಡೆಲ್ಲಿನಲ್ಲಿ ಓಡಿಸುತ್ತೇನೆ. ಆಮೇಲೆ ತೀರ್ಮಾನ ನಿಂತಿರುವ ಕೆಲವೇ ಸಂದರ್ಭಗಳನ್ನು ಆರಿಸಿ, ನೋಡ್ ಸಂಖ್ಯೆ ಇಳಿಸಿ, ಬಫರ್ ಸರಿಮಾಡಿ ಎನ್‌ಎಸ್-3ರಲ್ಲಿ ಓಡಿಸುತ್ತೇನೆ. ಮಿಲಿಸೆಕೆಂಡುಗಳು ಹೊಂದಬೇಕು ಅಂತ ನಾನು ಕೇಳುವುದಿಲ್ಲ. ಯಾವ ಶೆಡ್ಯೂಲಿಂಗ್ ವಿಧಾನ ಮೇಲು ಅನ್ನುವ ಕ್ರಮಾಂಕ ಎರಡರಲ್ಲೂ ಒಂದೇ ಇದ್ದರೆ ಪೇಪರಿಗೆ ಹೋಗುತ್ತದೆ. ಕ್ರಮಾಂಕ ಅದಲುಬದಲಾದರೆ ಕಾರಣ ಸಿಗುವವರೆಗೆ ಹೋಗುವುದಿಲ್ಲ. ಕಾರಣ ಸಾಮಾನ್ಯವಾಗಿ ಮೇಲೆ ಹೇಳಿದವುಗಳಲ್ಲೇ ಒಂದಾಗಿರುತ್ತದೆ: ಬಫರ್, ಹೊಸ ಸಂಪರ್ಕ, ರೂಟ್, ಇಲ್ಲವೇ ಎರಡೂ ಕಡೆಯ ದಟ್ಟಣೆ.

ಎಂ.ಟೆಕ್ ಪ್ರಾಜೆಕ್ಟ್ ಮಾಡುವವರು ಸುಮ್ನೆ ಮೊದಲ ದಿನವೇ ಎನ್‌ಎಸ್-3 ಆನ್ ಮಾಡಿಕೊಂಡು ಕೂರುವ ಅಗತ್ಯ ಇಲ್ಲ. ಎರಡು ಹೋಸ್ಟ್, ಒಂದು ಲಿಂಕ್ ಇಟ್ಟು, 1 ಕೆಬಿಯಿಂದ 100 ಎಂಬಿವರೆಗೆ ಹತ್ತು ಹತ್ತು ಪಟ್ಟು ಹೆಚ್ಚಿಸುತ್ತಾ ಎರಡೂ ಮಾಡೆಲ್ಲಿನಲ್ಲಿ ಕಳಿಸಿ ಗ್ರಾಫ್ ಹಾಕಿ. ಎರಡು ಗೆರೆಗಳು ಎಲ್ಲಿ ಸೇರುತ್ತವೆ, ಎಲ್ಲಿ ದೂರ ಹೋಗುತ್ತವೆ ಅಂತ ಅಲ್ಲೇ ಕಾಣುತ್ತದೆ. ನಿಮ್ಮ ಅಪ್ಲಿಕೇಶನ್ನಿನ ಸಂದೇಶಗಳು ಆ ಗ್ರಾಫಿನ ಯಾವ ಭಾಗದಲ್ಲಿ ಬೀಳುತ್ತವೆ ಅಂತ ನೋಡಿಕೊಂಡು, ಆಮೇಲೆ ಮಾಡೆಲ್ ಆರಿಸಿ.