ಭಾನುವಾರದ ರಾಜಕೀಯ ಸಂದರ್ಶನ: ಐದಕ್ಕೆ ಮೂರು ಸ್ಟಾರ್

ಚಾನೆಲ್ ಹೆಸರು ಬೇಡ, ಕಾರ್ಯಕ್ರಮದ ಬಗ್ಗೆ ಮಾತ್ರ ಬರೆಯುತ್ತೇನೆ. ವಾರಕ್ಕೊಬ್ಬ ರಾಜಕಾರಣಿ, ಎದುರಿಗೆ ಒಬ್ಬರೇ ಆ್ಯಂಕರ್. ಆರೇಳು ಜನ ಚೌಕಗಳಲ್ಲಿ ಕೂತು ಕಿರುಚಾಡುವ ಗಲಾಟೆ ಇಲ್ಲ, ಅದೇ ದೊಡ್ಡ ನೆಮ್ಮದಿ. ಆ್ಯಂಕರ್ ಚೆನ್ನಾಗಿ ಓದಿಕೊಂಡು ಬರುತ್ತಾರೆ. ತಕರಾರು ಇರುವುದು ಅವರು ಪ್ರಶ್ನೆ ಕೇಳಿ ಮುಗಿಸಿದ ಮೇಲೆ.

ಮಧ್ಯೆ ಬಾಯಿ ಹಾಕುವುದೇ ತಪ್ಪು ಅಂತಲ್ಲ. 1997ರಲ್ಲಿ ಬಿಬಿಸಿಯ ನ್ಯೂಸ್‌ನೈಟ್‌ನಲ್ಲಿ ಜೆರೆಮಿ ಪ್ಯಾಕ್ಸ್‌ಮನ್ ಅವರು ಬ್ರಿಟನ್ನಿನ ಮಾಜಿ ಗೃಹ ಮಂತ್ರಿ ಮೈಕಲ್ ಹೋವರ್ಡ್‌ಗೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ, ಹತ್ತಕ್ಕೂ ಜಾಸ್ತಿ ಸಲ ಕೇಳಿದರು. ಜೈಲು ಇಲಾಖೆ ಮುಖ್ಯಸ್ಥರ ತೀರ್ಮಾನವನ್ನು ತಳ್ಳಿಹಾಕುತ್ತೇನೆ ಅಂತ ಬೆದರಿಸಿದ್ದಿರಾ, ಇಲ್ವಾ? ನೇರ ಉತ್ತರ ಬರಲಿಲ್ಲ. ಜಾರಿಕೊಳ್ಳುವವರನ್ನು ಹಾಗೆ ಹಿಡಿದು ನಿಲ್ಲಿಸಲೇಬೇಕು, ಅಲ್ವಾ?

ಇಲ್ಲಿ ನಡೆಯುವುದು ಬೇರೆ. ಒಬ್ಬ ಮಂತ್ರಿ "ಇದಕ್ಕೆ ಎರಡು ಕಾರಣ ಇದೆ, ಮೊದಲನೆಯದು..." ಅಂದರು, ಅಷ್ಟಕ್ಕೇ ಆ್ಯಂಕರ್ "ಹಾಗಾದ್ರೆ ತಪ್ಪು ಒಪ್ಪಿಕೊಳ್ತೀರಾ?" ಅಂತ ನುಗ್ಗಿದರು. ಆ ಮೊದಲನೇ ಕಾರಣ ಕೊನೆವರೆಗೂ ಹೊರಗೆ ಬರಲೇ ಇಲ್ಲ. ಮುಂದಿನ ಕಂತಿಗೆ ವಿರೋಧ ಪಕ್ಷದ ನಾಯಕರು ಬಂದರು. ಕೇಳಿದ್ದು ಸರ್ಕಾರದ ಸಾಲದ ಬಗ್ಗೆ, ಅವರು ಶುರು ಮಾಡಿದ್ದು ತಮ್ಮ ಬಾಲ್ಯದ ಕಷ್ಟದ ಕಥೆ, ಆ್ಯಂಕರ್ ಅದನ್ನು ಪೂರ್ತಿ ಕೇಳಿ, ತಲೆ ಆಡಿಸಿ, ಆಮೇಲೆ "ಆದರೂ ಸಾಲದ ವಿಷಯ..." ಅಂತ ಮೆತ್ತಗೆ ಎಳೆದರು. ಎಷ್ಟು ಸಲ ತಡೆದರು ಅಂತ ಎಣಿಸಿದರೆ ಇಬ್ಬರಿಗೂ ಹೆಚ್ಚುಕಡಿಮೆ ಸಮ. ಆದರೆ ಒಬ್ಬರನ್ನು ತಡೆದಿದ್ದು ಉತ್ತರ ಬಾಯಿಗೆ ಬರುವ ಮುಂಚೆ, ಇನ್ನೊಬ್ಬರನ್ನು ಪುರಾಣ ಮುಗಿದ ಮೇಲೆ.

ಇದು ಸುಮ್ನೆ ನನ್ನ ಪಕ್ಷಪ್ರೀತಿ ಅನ್ನಬೇಡಿ, ಆ ಮಂತ್ರಿಯ ಪಕ್ಷ ನನಗೆ ಸೇರಲ್ಲ. 1985ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಲೆಬನಾನ್ ಕುರಿತ ಒಂದೇ ಟಿವಿ ಸುದ್ದಿಯನ್ನು ಇಸ್ರೇಲ್ ಪರ ಇದ್ದವರಿಗೂ ಅರಬ್ಬರ ಪರ ಇದ್ದವರಿಗೂ ತೋರಿಸಿದ ಅಧ್ಯಯನ ಪ್ರಕಟವಾಯಿತು. ಎರಡೂ ಕಡೆಯವರು ಸುದ್ದಿ ತಮ್ಮ ವಿರುದ್ಧವೇ ಇದೆ ಅಂದರು. ಹಾಗಾಗಿ ನನಗೆ ಬೇಡದವರಿಗೆ ಮೋಸ ಆದ ಕಂತನ್ನೇ ಆರಿಸಿದ್ದೇನೆ.

ವಿಡಿಯೊ ಕಾಲ್‌ನಲ್ಲಿ ಬಂದವರ ಕಂತುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ದನಿ ತಡವಾಗಿ ತಲುಪುತ್ತದೆ, ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುತ್ತಾರೆ, ಅದು ಯಾರ ತಪ್ಪೂ ಅಲ್ಲ.

ನೋಡುವುದಾದರೆ ಪೂರ್ತಿ ಕಂತು ನೋಡಿ. ಚಾನೆಲ್‌ನವರು ಹಾಕುವ ಒಂದು ನಿಮಿಷದ ತುಣುಕುಗಳಲ್ಲಿ ಜಗಳ ಮಾತ್ರ ಇರುತ್ತದೆ, ಅದಕ್ಕೆ ಮುಂಚೆ ಕೇಳಿದ ಪ್ರಶ್ನೆಯನ್ನೇ ಕತ್ತರಿಸಿರುತ್ತಾರೆ.